ಯಾದಿಗೆ ಬಾರದ ಸಾಮಾನು

ನಾಲತವಾಡದಲ್ಲಿ ಮನೆ ಕೊಂಡ ಮನುಷ್ಯನನ್ನು ಯಾರೂ ಕೂಡಲೇ ಅಭಿನಂದಿಸುವುದಿಲ್ಲ. ಮೊದಲು ವಿಚಾರಣೆ ನಡೆಯುತ್ತದೆ. ‘ಎಷ್ಟಕ್ಕ ಬಿತ್ತರಿ?’ ಎಂಬುದು ಮೊದಲನೆಯ ಪ್ರಶ್ನೆ. ನೀವು ಯಾವ ಅಂಕಿ ಹೇಳಿದರೂ ‘ಬಾಳ ಆತು’ ಎಂದೇ ತೀರ್ಪು. ‘ಎನ್‌.ಎ. ಆಗೈತೇನು?’ ಎರಡನೆಯದು. ‘ನೀರಿಂದು ಹ್ಯಾಂಗ?’ ಮೂರನೆಯದು. ಇವೆಲ್ಲ ಹರೆಯದವರ ಪ್ರಶ್ನೆಗಳು. ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುವುದು ಒಂದೇ ಒಂದು: ‘ಪಾಯಾ ಗರಸಿಗೆ ಮುಟ್ಟೈತೋ ಇಲ್ಲೋ?’

ಹಿರಿಯರ ಪ್ರಶ್ನೆಯೇ ತೂಕದ್ದು. ನಮ್ಮದು ಎರೆ ಸೀಮೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿಯಲ್ಲಿ ಒಂದೆರಡು ಹದ ಮಳೆಯಾದರೆ ಆ ತೇವ ಹಿಡಿದಿಟ್ಟುಕೊಂಡು ಬಿಳಿಜೋಳವನ್ನೂ ಕಡಲೆಯನ್ನೂ ದಡ ಮುಟ್ಟಿಸುವ ಮಣ್ಣು ಅದು. ಬೆಳೆಗೆ ತಾಯಿಯಂಥ ಆ ಗುಣವೇ ಗೋಡೆಗೆ ಶತ್ರು. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಅದರೊಳಗಿದೆ, ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ ಎಂದು ಎಂಜಿನಿಯರು ಹೇಳುತ್ತಾರೆ. ‘ಎರಿ ಉಸರಾಡತೈತಿ’ ಎಂದು ಗೌಂಡಿ ಹೇಳುತ್ತಾನೆ. ಇಬ್ಬರೂ ಮಾಡುವುದು ಒಂದೇ ಕೆಲಸ: ಎರೆ ತೆಗೆದು ಗಟ್ಟಿ ಗರಸು ಸಿಗುವ ತನಕ ಕೆಳಗಿಳಿದು ಅಲ್ಲಿಂದ ಪಾಯ ಎಬ್ಬಿಸುವುದು. ನಾನು ಕೊಂಡದ್ದು ಕಟ್ಟಿ ಮುಗಿಸಿದ ಪ್ಲಾಟಿನ ಮನೆ. ಪಾಯ ಮುಟ್ಟಿದೆಯೇ ಎಂದು ಮಾರಿದವರನ್ನು ಕೇಳಿದೆ. ‘ಮುಟ್ಟೈತ್ರಿ’ ಎಂದರು. ಅದು ಖರೆಯೋ ಸುಳ್ಳೋ ಎಂದು ತಿಳಿಯಲು ಎರಡು ಮಳೆಗಾಲ ಬೇಕು. ಮಾರಿದವರಿಗೆ ರೊಕ್ಕ ಎರಡು ದಿನದಲ್ಲಿ ಬೇಕು. ಲೋಕದ ವ್ಯವಹಾರ ನಡೆಯುವುದೇ ಹೀಗೆ.

ಕಾಗದದ ಪಾಯ ಬೇರೆ ಇದೆ. ಪಟ್ಟಣ ಪಂಚಾಯಿತಿಯ ಉತಾರ, ಇ-ಖಾತೆ, ಋಣಭಾರ ಪತ್ರ, ಇಷ್ಟು ಕೂಡಿಸಿಕೊಂಡು ಮುದ್ದೇಬಿಹಾಳದ ಉಪನೋಂದಣಿ ಕಚೇರಿಗೆ ಹೋಗಬೇಕು. 2023ರಿಂದ ಈ ಕೆಲಸಕ್ಕೆ ಕಾವೇರಿ 2.0 ಎಂಬ ವ್ಯವಸ್ಥೆ ಬಂದಿದೆ. ಮನೆಯಲ್ಲೇ ಕೂತು ಅರ್ಜಿ ಹಾಕಿ, ವೇಳೆ ಗೊತ್ತು ಮಾಡಿಕೊಂಡು ಹೋಗಬಹುದು. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿ ಬೆಳೆದವರು ಮನೆ ಕೊಳ್ಳಲು ಕಾವೇರಿಯ ಅಪ್ಪಣೆ ಕೇಳಬೇಕಲ್ಲ ಎಂಬುದೊಂದು ಸಣ್ಣ ಸಂಕಟ. ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ‘ಮೊದಲ ತಗೊಂಡಿದ್ರ ಅದರಾಗ ಒಂದು ಫ್ರಿಜ್ ಬರ್ತಿತ್ತು’ ಎಂದು ಲೆಕ್ಕ ಹಾಕಿ ಹೇಳುವ ಬಂಧುಗಳು ನನಗೆ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬರೂ ಮೊದಲು ತಗೋ ಎಂದು ಹೇಳಿದವರಲ್ಲ.

ಹಳೆಯ ಮನೆ ಬಿಡುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮುತ್ಯಾನ ಕಾಲಕ್ಕೆ ಅದು ಒಂದು ಮನೆ. ಅಪ್ಪ, ಕಾಕಾಗಳ ಕಾಲಕ್ಕೆ ವಾಟ್ನಿಯಾಗಿ ಮೂರಾಯಿತು. ನಮ್ಮ ಕಾಲಕ್ಕೆ ಪಡಸಾಲೆಯ ನಡುವೆ ಗೋಡೆ ಬಂದು, ಒಂದು ಕಂಬ ಅಣ್ಣನ ಪಾಲಿಗೆ, ಅದರ ಜೋಡಿ ನನ್ನ ಪಾಲಿಗೆ ಉಳಿಯಿತು. ನಿವೃತ್ತ ಮಾಸ್ತರನ ಕೈಯಲ್ಲಿ ಒಂದಿಷ್ಟು ಗಂಟು ಬಂದಾಗ ಮಾಡುವ ಕೆಲಸ ಎರಡೇ: ಮಗಳ ಮದುವೆ, ಇಲ್ಲವೆ ಮನೆ. ಮದುವೆ ಮೊದಲೇ ಆಗಿತ್ತು.

ಇನ್ನು ದಿನ. ಮನೆ ಕೊಳ್ಳಲು ರೊಕ್ಕ ಸಾಕು, ಅದರೊಳಗೆ ಕಾಲಿಡಲು ಪಂಚಾಂಗ ಬೇಕು. ಈ 2026ರಲ್ಲಿ ಪಂಚಾಂಗವೂ ಚೇಷ್ಟೆ ಮಾಡಿದೆ: ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ‘ಅಧಿಕದಾಗ ಅಳಿಯಾನ್ನ ಕರದು ಉಣ್ಣಸ್ತಾರ, ಮನಿ ಹೊಗೂದಲ್ಲ’ ಎಂದು ಅವ್ವ ಆ ತಿಂಗಳನ್ನು ಒಂದೇ ಮಾತಿನಲ್ಲಿ ತೆಗೆದುಹಾಕಿದಳು. ಮುಂದೆ ಆಷಾಢ, ಅದು ಬೇಡ. ಶ್ರಾವಣ ಒಳ್ಳೆಯದು, ಆದರೆ ಶ್ರಾವಣಕ್ಕೆ ಅಯ್ಯಗಳಿಗೆ ಪುರುಸೊತ್ತಿರುವುದಿಲ್ಲ. ಉಳಿದದ್ದು ಅಧಿಕಕ್ಕೂ ಆಷಾಢಕ್ಕೂ ನಡುವೆ ಸಿಕ್ಕ ನಿಜ ಜ್ಯೇಷ್ಠ. ಆಗ ತೊಗರಿ ಬಿತ್ತನೆ. ಊರಿನ ಟ್ರ್ಯಾಕ್ಟರುಗಳೆಲ್ಲ ಹೊಲದಲ್ಲಿರುತ್ತವೆ, ಹಮಾಲಿ ಮಾಡುವ ಹುಡುಗರೂ ಅವುಗಳ ಹಿಂದೆಯೇ. ವಾರದ ಮಾತಂತೂ ಕೇಳಬೇಡಿ. ಮಂಗಳವಾರ ಯಾರಿಗೂ ಬೇಡ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ‘ಟ್ರ್ಯಾಕ್ಟರಿಗೆ ಸ್ವಾಮಾರ ಎಲ್ಲಿಂದು?’ ಎಂದು ಡ್ರೈವರ್ ಕೇಳಿದ್ದಕ್ಕೆ ಅವ್ವನ ಹತ್ತಿರ ಉತ್ತರವಿರಲಿಲ್ಲ, ಒಪ್ಪಿಗೆಯೂ ಇರಲಿಲ್ಲ. ಶನಿವಾರ ಶನಿಯದೆಂದು ಒಬ್ಬರು ಬೇಡವೆಂದರೆ, ಅದು ಸ್ಥಿರವಾರ, ಆವತ್ತು ಹೊಕ್ಕವರು ಆ ಮನೆಯಲ್ಲೇ ನಿಲ್ಲುತ್ತಾರೆ ಎಂದು ಇನ್ನೊಬ್ಬರು. ಇಬ್ಬರಿಗೂ ಚಹಾ ಕೊಟ್ಟು ಕಳಿಸಿದ್ದೇನೆ.

ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ಈ ಸ್ಥಳಾಂತರದ ಉಸ್ತುವಾರಿ ವಹಿಸಿಕೊಂಡ. ಫೋನಿನಲ್ಲಿ ಒಂದು ಯಾದಿ ಬಂತು. ಒಂದೊಂದು ಕೋಣೆಗೆ ಒಂದೊಂದು ಬಣ್ಣ, ಒಂದೊಂದು ಡಬ್ಬಿಗೆ ಒಂದೊಂದು ನಂಬರು, ಪಕ್ಕದಲ್ಲಿ ‘ಒಯ್ಯುವುದು’, ‘ಕೊಡುವುದು’, ‘ಒಗೆಯುವುದು’ ಎಂಬ ಮೂರು ಮನೆಗಳು. ಗುರುತು ಹಾಕುತ್ತ ಹೋದರೆ ಒಂದು ರವಿವಾರದಲ್ಲಿ ಮುಗಿಯುತ್ತದೆ ಎಂದು ಅವನ ಅಂದಾಜು. ಬೆಂಗಳೂರಿನ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ಅದು ಸರಿ. ಅಲ್ಲಿ ಪ್ಯಾಕರ್ಸಿನವರು ಬಂದು ಚಹಾದ ಕಪ್ಪಿಗೂ ಕಾಗದ ಸುತ್ತಿ ಒಯ್ಯುತ್ತಾರಂತೆ. ಇಲ್ಲಿ ‘ಒಗೆಯುವುದು’ ಎಂಬ ಮನೆ ಖಾಲಿಯೇ ಉಳಿಯಿತು. ‘ಕೊಡುವುದು’ ಎಂಬಲ್ಲಿ ತೊಟ್ಟಿಲು ಬರೆದೆ. ಓಣಿಯ ಅರ್ಧ ಮಂದಿ ಆ ತೊಟ್ಟಿಲಲ್ಲಿ ಬೆಳೆದವರು. ‘ಕೊಡೂದೇನು, ಅದು ನಮ್ಮ ಮನ್ಯಾಗ ಯಾವಾಗ ಇತ್ತು?’ ಎಂದು ಅವ್ವ ಕೇಳಿದಳು. ಖರೆ. ಅದು ಈಗಲೂ ಮೇಲಿನ ಓಣಿಯ ಯಾರದೋ ಮನೆಯಲ್ಲಿ ತೂಗುತ್ತಿದೆ.

ಅವ್ವನ ಯಾದಿ ಬಾಯಲ್ಲಿದೆ, ಅದಕ್ಕೆ ನಂಬರಿಲ್ಲ. ಮೊದಲನೆಯದು ಬೀಸುವ ಕಲ್ಲು. ಆ ಕಲ್ಲು ತಿರುಗಿ ಎಷ್ಟೋ ವರ್ಷ ಆಯಿತು. ಹಿಟ್ಟಿನ ಗಿರಣಿ ಓಣಿಯ ತುದಿಯಲ್ಲೇ ಇದೆ. ಆದರೂ ಕಲ್ಲು ಬರಬೇಕು, ಯಾಕೆಂದರೆ ಅದು ಅವಳ ಅತ್ತೆಯದು. ಒಳಕಲ್ಲು ನೆಲದಲ್ಲಿ ಹುಗಿದಿದೆ ಎಂಬ ಒಂದೇ ಕಾರಣಕ್ಕೆ ಬಚಾವಾಯಿತು. ಆಮೇಲೆ ತಾಮ್ರದ ಹಂಡೆ, ಹರವಿಗಳು, ಹೊಲ ಲಾವಣಿಗೆ ಕೊಟ್ಟ ಮೇಲೂ ಗೋಡೆಗೆ ಒರಗಿ ನಿಂತಿರುವ ಕೂರಿಗೆ. ಕೊನೆಗೆ ಕೌದಿಗಳು. ಹಳೆಯ ಸೀರೆ, ಧೋತರದ ಚಿಂದಿಗಳನ್ನು ಕೂಡಿಸಿ ಹೊಲಿದ ಕೌದಿಗಳ ರಾಶಿ ಒಬ್ಬ ಆಳಿನ ಎತ್ತರಕ್ಕೆ ಇದೆ. ಅದನ್ನೇನು ಮಾಡುವುದು ಎಂದು ಮಗ ವಿಡಿಯೋದಲ್ಲಿ ಹುಬ್ಬೇರಿಸಿದ. ಟೀವಿ ಒಡೆಯದಂತೆ ಸುತ್ತಲು ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ತರಿಸಬೇಕೆಂದು ಅದೇ ಮಾತಿನಲ್ಲಿ ಹೇಳಿದ. ಅವ್ವ ಒಂದು ಕೌದಿ ಎಳೆದು ಟೀವಿಗೆ ಹೊದಿಸಿದಳು, ಇನ್ನೊಂದು ಕಪಾಟಿನ ಕನ್ನಡಿಗೆ. ಕೌದಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನನ್ನ ಹೆಂಡತಿಯ ಯಾದಿ ಎಲ್ಲಕ್ಕೂ ಸಣ್ಣದು. ‘ರೊಟ್ಟಿ ಹಂಚು ಒಂದ ಸಾಕ್ರಿ. ಉಳಿದದ್ದು ನೀವು, ಅತ್ತಿ ಏನರೆ ಮಾಡಿಕೊಳ್ರಿ.’ ಅವಳನ್ನು ನಾನು ತಪ್ಪೆನ್ನಲಾರೆ. ಹಳೆಯ ಮನೆಯ ಅಡುಗೆಕೋಣೆಗೆ ಕಿಟಕಿ ಇಲ್ಲ. ನೀರು ಅಂಗಳಕ್ಕೆ ಬರುತ್ತದೆ, ಅಲ್ಲಿಂದ ಒಳಗೆ ಅವಳ ಸೊಂಟದ ಮೇಲೆ ಬರುತ್ತದೆ. ಬೋರಿನ ನೀರು ಸವಳು, ಬೇಳೆ ಬೇಯುವುದಿಲ್ಲ. ಬಚ್ಚಲು ಹಿತ್ತಲಲ್ಲಿ; ಮಳೆಗಾಲದ ರಾತ್ರಿ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. ಹಳೆಯ ಮನೆಗಳ ಸೊಗಸನ್ನು ಬಣ್ಣಿಸಿ ಬರೆಯುವವರು ಹೆಚ್ಚಾಗಿ ಗಂಡಸರು ಎಂಬುದನ್ನು ನಾನು ಗಮನಿಸಿದ್ದೇನೆ. ನಾನೂ ಗಂಡಸೇ, ಆದ್ದರಿಂದ ಮುಂದುವರಿಸುತ್ತೇನೆ.

ಯಾದಿಯೊಂದಿಗೆ ಮನೆ ತುಂಬ ಓಡಾಡುವಾಗ ನನಗೆ ಕಂಡದ್ದು ಇದು: ಹೊತ್ತೊಯ್ಯಲು ಬರುವ ಸಾಮಾನುಗಳನ್ನು ನಾವು ಬಳಸುವುದು ಬಿಟ್ಟು ಬಹಳ ಕಾಲವಾಗಿದೆ, ದಿನಾ ಬಳಸುವ ಸಾಮಾನುಗಳನ್ನು ಹೊತ್ತೊಯ್ಯಲು ಬರುವುದಿಲ್ಲ. ಮಾಡಗಳನ್ನೇ ತೆಗೆದುಕೊಳ್ಳಿ. ಎರಡು ಮೊಳ ದಪ್ಪದ ಕಲ್ಲುಗೋಡೆಯಲ್ಲಿ ಕೈ ಚಾಚಿದಲ್ಲೆಲ್ಲ ಒಂದು ಮಾಡ. ಒಂದರಲ್ಲಿ ದೀಪ, ಒಂದರಲ್ಲಿ ಚಷ್ಮಾ, ಒಂದರಲ್ಲಿ ಕರೆಂಟಿನ ಬಿಲ್ಲು, ಒಂದರಲ್ಲಿ ಅವ್ವನ ಅಡಕೊತ್ತು. ಕಣ್ಣು ಮುಚ್ಚಿಕೊಂಡು ಹೋದರೂ ಕೈಗೆ ಸಿಗಬೇಕಾದದ್ದು ಸಿಗುತ್ತದೆ. ಹೊಸ ಮನೆಯ ಗೋಡೆ ಪುಟ್ಟಿ ಬಳಿದು ನುಣ್ಣಗಾಗಿದೆ, ಒಂದು ಮೊಳೆ ಹೊಡೆಯಲೂ ಮಗನ ಅನುಮತಿ ಬೇಕು. ನಾಗೊಂದಿಯಿಲ್ಲ. ಹಗೇವು ಮೊದಲೇ ಇಲ್ಲ.

ಹಗೇವು ಹಳೆಯ ಮನೆಯಲ್ಲೂ ಈಗ ಮುಚ್ಚಿದೆ. ಜೋಳ ತುಂಬಿಡುವ ನೆಲದೊಳಗಿನ ಆ ಕಣಜವನ್ನು ತೆಗೆದ ದಿನ ಯಾರೂ ಲಗುಬಗೆಯಿಂದ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ. ಮುಚ್ಚಿದ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ ಎಂದು ನಾನು ಆಮೇಲೆ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ. ದೀಪ ಇಳಿಸುತ್ತಿದ್ದ ಮುತ್ಯಾ ಶಾಲೆಗೆ ಹೋದವನಲ್ಲ.

ಮಾಳಿಗೆಯ ವಿಷಯ ಬಂದರೆ ನನಗೆ ಬೇಗ ನಿಲ್ಲಿಸಲಾಗುವುದಿಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ಮುಂಗಾರಿಗೆ ಮೊದಲು ಅದಕ್ಕೆ ಕರಲು ಮಣ್ಣು ತಂದು ಹಾಕಬೇಕು. ಕರಲು ಎಂದರೆ ಉಪ್ಪು ಸೇರಿ ಕೆಟ್ಟ ನೆಲ, ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಅದೇ ಮಣ್ಣು ಮಾಳಿಗೆಯ ಮೇಲೆ ನೆನೆದಾಗ ಕಣ ಕಣ ಬಿಚ್ಚಿಕೊಂಡು ಸಂದುಗಳನ್ನು ಮುಚ್ಚಿ ನೀರು ಇಳಿಯಗೊಡುವುದಿಲ್ಲ. ಬೆಳೆಗೆ ಒಳ್ಳೆಯ ಎರೆ ಮನೆಯನ್ನು ಸೀಳುತ್ತದೆ, ಬೆಳೆಗೆ ಬೇಡಾದ ಕರಲು ಮನೆಯನ್ನು ಕಾಯುತ್ತದೆ. ಈ ಲೆಕ್ಕ ಕಂಡುಹಿಡಿದವರ ಹೆಸರು ಎಲ್ಲೂ ಬರೆದಿಲ್ಲ.

ಮಾಳಿಗೆಯ ನಡುವೆ ಬೆಳಕಿಂಡಿ. ಬಿಸಿಲಿನ ಬಿಲ್ಲೆ ಬೆಳಗ್ಗೆ ಜಗಲಿಯ ಮೇಲಿದ್ದರೆ ಸ್ನಾನದ ಹೊತ್ತು, ಒಳಕಲ್ಲಿನ ಮೇಲೆ ಬಂದರೆ ಊಟದ ಹೊತ್ತು. ಮಳೆ ಹನಿ ಬಿದ್ದ ಕೂಡಲೇ ಮೇಲೇರಿ ಅದನ್ನು ಮುಚ್ಚುವುದು ಮನೆಯ ಕಿರಿಯ ಗಂಡುಮಗನ ಕೆಲಸ. ನನಗೆ ಅರವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ, ಸರಕಾರ ನಿವೃತ್ತಿ ಕೊಟ್ಟಿದೆ. ಆ ಹುದ್ದೆಯಿಂದ ಮಾತ್ರ ಅವ್ವ ನನಗೆ ಇನ್ನೂ ನಿವೃತ್ತಿ ಕೊಟ್ಟಿಲ್ಲ. ‘ತಮ್ಮಾ, ಮಳಿ ಬಂತು ನೋಡು’ ಎಂದರೆ ಏರಲೇಬೇಕು. ಹೊಸ ಮನೆಯ ಮೇಲೆ ಸ್ಲ್ಯಾಬು. ಮಳೆಯ ಚಿಂತೆ ಇಲ್ಲ. ಹಗಲೆಲ್ಲ ಉಂಡ ಬಿಸಿಲನ್ನು ರಾತ್ರಿ ಕೆಳಗೆ ಮಲಗಿದವರ ಮೇಲೆ ಸುರಿಯುತ್ತದೆ ಅಷ್ಟೆ. ಪಾರಾ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಮನೆ ಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರುವುದು ತಪ್ಪದು. ಸಿಂಟೆಕ್ಸ್ ಟಾಕಿಯ ಮಗ್ಗುಲಲ್ಲಿ ಮಲಗಬೇಕು.

ಮನೆಯನ್ನೇ ಹೊತ್ತುಕೊಂಡು ಹೋದವರು ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು, ಆಗಿನ್ನೂ ಅವರು ಪ್ರಧಾನಿ ಆಗಿರಲಿಲ್ಲ. ನಮ್ಮ ಕೆಳಗಿನ ನಾರಾಯಣಪುರದ ಬಸವಸಾಗರ ಮೊದಲು ಮುಗಿಯಿತು, 1982ಕ್ಕೆ. ನೀರು ಏರುತ್ತ ಬಂದ ಹಾಗೆ ದಂಡೆಯ ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ನಡೆದವು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ನವನಗರಕ್ಕೆ ಹೋದವು. ಹೋಗುವಾಗ ಮಂದಿ ಚೌಕಟ್ಟು, ಬಾಗಿಲು, ಕಂಬ, ತೊಲೆಗಳನ್ನು ಬಿಚ್ಚಿಕೊಂಡು ಹೋದರು. ನಮ್ಮ ಬೀಗರೊಬ್ಬರು ಸಿಮೆಂಟಿನ ಹೊಸ ಮನೆಗೆ ಹಳೆಯ ತಲೆಬಾಗಿಲನ್ನೇ ಕೂಡಿಸಿದರು. ಬಗ್ಗಿ ಒಳಗೆ ಬರಬೇಕಾದ ಗಿಡ್ಡ ಬಾಗಿಲು ಅದು. ಪರಿಹಾರದ ಕಾಗದ ಹಿಡಿದು ಬಂದ ಎತ್ತರದ ಸಾಹೇಬರೊಬ್ಬರು ಹಣೆ ಉಜ್ಜಿಕೊಳ್ಳುತ್ತಲೇ ಒಳಗೆ ಬಂದರಂತೆ. ಈಗ ಆಲಮಟ್ಟಿಯ ನೀರು ನಿಲ್ಲುವುದು 519.6 ಮೀಟರಿಗೆ; 524.256ಕ್ಕೆ ಏರಿಸುವ ಮಾತು ಇನ್ನೂ ನಡೆದೇ ಇದೆ. ಆ ಎರಡು ಗೆರೆಗಳ ನಡುವಿನ ಊರವರಿಗೆ ಮನೆಗೆ ಸುಣ್ಣ ಬಳಿಯಬೇಕೋ ಗಂಟು ಕಟ್ಟಬೇಕೋ ತಿಳಿಯದು. ಅವರ ಮುಂದೆ ನನ್ನ ಸ್ಥಳಾಂತರ ಎಂಬುದು ಒಂದು ಓಣಿಯಿಂದ ಇನ್ನೊಂದಕ್ಕೆ ಚಹಾ ಕುಡಿಯಲು ಹೋದಷ್ಟು ದೊಡ್ಡದು.

ಆದರೂ ಒಂದು ಸಾಮಾನಿನ ವಿಷಯದಲ್ಲಿ ನಾನು ಹಟ ಹಿಡಿದೆ. ಕಟ್ಟಿ. ಹಳೆಯ ಮನೆಯ ಬಾಗಿಲ ಎಡಬಲಕ್ಕೆ ಬೀದಿಗೆ ಮುಖ ಮಾಡಿದ ಎರಡು ಕಟ್ಟಿಗಳಿವೆ. ನನಗೆ ಓಣಿಯ ಸುದ್ದಿ, ಮಳೆಯ ಸುದ್ದಿ, ತೊಗರಿಯ ದರ ಗೊತ್ತಾಗುವುದು ಅಲ್ಲೇ. ಪಾಲಕರು ಮಕ್ಕಳ ದೂರು ತರುತ್ತಿದ್ದದ್ದೂ ಅಲ್ಲಿಗೇ. ಕರೆಯದೆ ಬರಬಹುದು, ಹೇಳದೆ ಏಳಬಹುದು. ಸೋಫಾದ ಮೇಲೆ ಇವೆರಡೂ ಆಗುವುದಿಲ್ಲ. ಹೊಸ ಮನೆಗೆ ಎದೆಮಟ್ಟದ ಕಂಪೌಂಡು, ಕಬ್ಬಿಣದ ಗೇಟು. ಆಚೆ ನೇರವಾಗಿ ಗಟಾರ.

ಕಟ್ಟಿ ಬೇಕೆಂದಾಗ ನಮ್ಮ ಗೌಂಡಿ ನಗಲಿಲ್ಲ. ಅವನು ಗೋವಾದಲ್ಲಿ ಬಹಳ ವರ್ಷ ದುಡಿದು ಬಂದವನು. ಮುದ್ದೇಬಿಹಾಳ ಸೀಮೆಯ ಮಂದಿ ಗೋವಾ, ಮಂಗಳೂರು, ಬೆಂಗಳೂರುಗಳಲ್ಲಿ ಕಟ್ಟಿದ ಮನೆಗಳಿಗೆ ಲೆಕ್ಕವಿಲ್ಲ. ಊರಿನಲ್ಲಿ ತಮ್ಮ ಮನೆ ಕಟ್ಟಲು ಅವರಿಗೆ ಪುರುಸೊತ್ತು ಸಿಗುವುದು ಮಂಡಿ ಸೋತ ಮೇಲೆ. ‘ಅಲ್ಲಿ ಹಳೇ ಮನಿಗೋಳ ಮುಂದ ಕಟ್ಟಿ ಇರ್ತಾವ್ರಿ ಮಾಸ್ತರ, ಬಲ್ಕಾಂವ ಅಂತಾರ. ಸಂಜಿಕ ಅಜ್ಜ ಅಜ್ಜಿ ಕುಂತು ರಸ್ತೇದವರ್ನ ಮಾತಾಡಸ್ತಿರ್ತಾರ. ನಮ್ಮ ಊರು ನೆನಪಾಗ್ತಿತ್ತು’ ಎಂದ. ಕಂಪೌಂಡಿನ ಒಳಗೆ ಕಟ್ಟಿದರೆ ಅಗ್ಗವಾಗುತ್ತದೆ ಎಂದೂ ಹೇಳಿದ. ಆದರೆ ಗೇಟಿನ ಒಳಗಿನ ಕಟ್ಟಿಗೆ ಯಾರು ಬರುತ್ತಾರೆ? ಹೊರಗೆ ಕಟ್ಟೋಣವೆಂದರೆ ಅದು ಪಟ್ಟಣ ಪಂಚಾಯಿತಿಯ ಜಾಗ. ಕೊನೆಗೆ ನಮ್ಮದೇ ಜಾಗದಲ್ಲಿ ಕಂಪೌಂಡನ್ನು ಒಂದಿಷ್ಟು ಒಳಗೆ ಸರಿಸಿ, ಅದಕ್ಕೆ ಒರಗಿಕೊಂಡು ಬೀದಿಗೆ ಮುಖ ಮಾಡಿದ ಕಟ್ಟಿ, ಮೇಲೆ ಶಹಾಬಾದ ಫರಸಿ ಎಂದು ಗೊತ್ತಾಯಿತು. ಕಾರು ನಿಲ್ಲಿಸುವ ಜಾಗ ಹೋಗುತ್ತದೆ ಎಂದು ಮಗ ತಕರಾರು ತೆಗೆದ. ನಮ್ಮಲ್ಲಿ ಕಾರು ಇಲ್ಲ. ಹೆಂಡತಿಯ ತಕರಾರು ಮಾತ್ರ ಗಟ್ಟಿಯದು: ‘ಕಟ್ಟಿ ಆತಂದ್ರ ಮಂದಿ ಏಳೂದಿಲ್ಲ. ಚಾ ಯಾರ ಮಾಡವ್ರು?’ ಹೊಸ ಮನೆಯಲ್ಲಿ ನೀರಿನ ನಳ ಒಲೆಯ ಪಕ್ಕಕ್ಕೇ ಇದೆ, ಚಹಾ ನಾನೇ ಮಾಡುತ್ತೇನೆ ಎಂದು ಒಪ್ಪಂದವಾಗಿದೆ. ಇದು ನೋಂದಣಿಯಾಗದ ಒಪ್ಪಂದ, ಆದರೆ ಹೆಂಡತಿ ಹತ್ತಿರ ಸಾಕ್ಷಿಗಳಿದ್ದಾರೆ.

ಇನ್ನುಳಿದ ತಯಾರಿ ತನ್ನಷ್ಟಕ್ಕೆ ನಡೆದಿದೆ. ಓಣಿಯ ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದಾರೆ, ಶೇಂಗಾ ಚಟ್ನಿ ಕುಟ್ಟಿ ಆಗಿದೆ. ಮೊದಲ ಟ್ರಿಪ್ಪಿನಲ್ಲಿ ದೇವರು, ತುಂಬಿದ ಕೊಡ, ಉಪ್ಪು, ಅರಿಷಿಣ, ಕುಂಕುಮ, ಜೋಳ. ಎರಡನೆಯದರಲ್ಲಿ ಗ್ಯಾಸಿನ ಸಿಲಿಂಡರು. ಬೀಸುವ ಕಲ್ಲು ಕೊನೆಗೆ, ಹಮಾಲರಿಗೆ ಊಟವಾದ ಮೇಲೆ. ಆಕಳ ವಿಷಯ ಇನ್ನೂ ಬಗೆಹರಿದಿಲ್ಲ. ಹೊಸ ಮನೆಗೆ ಮೊದಲು ಕಾಲಿಡುವುದು ಜವಾರಿ ಆಕಳೇ ಆಗಬೇಕು, ಜರ್ಸಿ ನಡೆಯುವುದಿಲ್ಲ ಎಂದು ಅವ್ವ. ಜವಾರಿ ಆಕಳು ಸಿಕ್ಕಿದೆ, ಆದರೆ ಕನ್ನಡಿಯಂಥ ಟೈಲ್ಸ್ ಮೇಲೆ ಕಾಲಿಡಲು ಅದು ಒಪ್ಪುತ್ತದೆ ಎಂಬ ಭರವಸೆ ಆಕಳಿನವನಿಗೇ ಇಲ್ಲ. ಬಾಗಿಲಿನಿಂದ ಅಡುಗೆಮನೆಯ ತನಕ ಗೋಣಿಚೀಲ ಹಾಸುವುದೆಂದು ಈಗ ನಿರ್ಧಾರ. ಮಗನ ಯಾದಿಯಲ್ಲಿ ಗೋಣಿಚೀಲ ಇರಲಿಲ್ಲ, ಸೇರಿಸಿದ್ದೇನೆ.

ನಿಜ ಜ್ಯೇಷ್ಠದಲ್ಲಿ ದಿನ ಗೊತ್ತಾದ ಮೇಲೆ ತಿಳಿಸುತ್ತೇನೆ, ತಪ್ಪದೆ ಬನ್ನಿ. ಗೋದಿ ಹುಗ್ಗಿ, ಬದನೆಕಾಯಿ ಪಲ್ಯ ಇರುತ್ತದೆ. ನಾಲತವಾಡಕ್ಕೆ ಬಂದು ವೀರೇಶ್ವರ ಶರಣರ ಗುಡಿಗೆ ಕೈ ಮುಗಿದು ಯಾರನ್ನು ಕೇಳಿದರೂ ಕಟ್ಟಿ ಇರುವ ಪ್ಲಾಟಿನ ಮನೆ ತೋರಿಸುತ್ತಾರೆ. ಆಯೇರಿ ತರಬೇಡಿ. ತಂದೇ ತರುತ್ತೇವೆ ಎನ್ನುವವರು ಗೋಡೆ ಗಡಿಯಾರ ಮಾತ್ರ ತರಬೇಡಿ. ಮಗಳ ಮದುವೆಯಲ್ಲಿ ಬಂದವುಗಳ ಡಬ್ಬಿಯನ್ನೇ ನಾವಿನ್ನೂ ಬಿಚ್ಚಿಲ್ಲ.